ಇಲ್ಲದ ಭಾಗಗಳ ಪಟ್ಟಿ

ಫ್ರೇಜರ್ ಟೌನಿನ ಹಳೆಯ ಬಂಗಲೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಮಾತುಕತೆ ಮುಗಿದಿದೆ, ಹಿತ್ತಲಿನ ಹೆಂಚಿನ ಶೆಡ್ಡಿನಲ್ಲಿ ಪುಟ್ಟದೊಂದು ವಿಲಾಯತಿ ಕಾರು ನಿಂತಿದೆ, ಶೆಡ್ ಬೀಳುವ ಮೊದಲು ಬಂದು ನೋಡಿ ಎಂದು ನಮ್ಮ ಗ್ಯಾರೇಜಿನ ಮೇಸ್ತ್ರಿ ಫೋನು ಮಾಡಿದಾಗ ನಾನು ನಿರೀಕ್ಷಿಸಿದ್ದು ಹೆಚ್ಚೆಂದರೆ ಒಂದು ಮೋರಿಸ್ ಮೈನರನ್ನು. ಗೋಣಿಚೀಲ, ಮುರಿದ ಬೆತ್ತದ ಕುರ್ಚಿ ಮತ್ತು ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ಸರಿಸಿದ ಮೇಲೆ ಕಂಡದ್ದು ಟ್ರಯಂಫ್ ಸ್ಪಿಟ್‌ಫೈರ್. ಎರಡೇ ಆಸನಗಳ, ತೆರೆದ ಮಾಡಿನ ಸ್ಪೋರ್ಟ್ಸ್ ಕಾರು, ಆರ್.ಸಿ. ಪುಸ್ತಕದ ಪ್ರಕಾರ 1964ರದು. ಎರಡು ಆಸನಗಳ ಪೈಕಿ ಒಂದು ಮಾತ್ರ ಅದರಲ್ಲಿತ್ತು.

ಅಪೂರ್ಣವಾದ ಹಳೆಯ ಕಾರನ್ನು ಕೊಳ್ಳಲು ಹೊರಟವನು ಇರುವುದನ್ನು ನೋಡಿ ಮರುಳಾಗುತ್ತಾನೆ. ನನಗೂ ಮೊದಲ ದಿನ ಹಾಗೆಯೇ ಆಯಿತು. ಧೂಳಿನಡಿಯಲ್ಲಿ ಆ ಬಾನೆಟ್ಟಿನ ಬಾಗು ಕಾಣಿಸಿದೊಡನೆ ಬೆಲೆ ಎಷ್ಟು ಎಂದು ಕೇಳಿಬಿಟ್ಟೆ. ಮಾಲೀಕರು ತೀರಿಕೊಂಡಿದ್ದರು. ಅವರ ಮಗ, ಅರವತ್ತು ದಾಟಿದ ಸಜ್ಜನರು, ಆರು ಲಕ್ಷ ಎಂದರು. ಕಳಚಿಹೋದ ಭಾಗಗಳೆಲ್ಲ ಎಲ್ಲಿ ಎಂದು ಕೇಳಿದರೆ, “ಎಲ್ಲಾ ಇಲ್ಲೇ ಎಲ್ಲೋ ಇರಬೇಕು ಸರ್, ಅಪ್ಪ ಏನನ್ನೂ ಎಸೆದವರಲ್ಲ” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಮೇಸ್ತ್ರಿ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದು, “ಸಾರ್, ಇವತ್ತು ಬೆಲೆ ಮಾತಾಡಬೇಡಿ. ಏನೇನಿಲ್ಲ ಅಂತ ಮೊದಲು ಬರೆದುಕೊಳ್ಳೋಣ” ಎಂದರು. ಆ ದಿನ ನನಗೆ ಸಿಕ್ಕ ಏಕೈಕ ಉಪಯುಕ್ತ ಸಲಹೆ ಅದು.

ಕಾರ್ಖಾನೆಯವರ ಬಿಡಿಭಾಗಗಳ ಕ್ಯಾಟಲಾಗನ್ನು ಮುದ್ರಿಸಿಕೊಂಡು, ಪ್ರತಿ ಪುಟದ ಚಿತ್ರದ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಮೂರು ಭಾನುವಾರಗಳನ್ನು ಆ ಶೆಡ್ಡಿನಲ್ಲಿ ಕಳೆದೆವು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಎಸ್‌.ಯು. ಕಾರ್ಬ್ಯುರೇಟರ್‌ಗಳು ಎರಡಿರಬೇಕಾದ ಕಡೆ ಬೇರೆ ಕಂಪನಿಯ ಒಂಟಿ ಸೋಲೆಕ್ಸ್ ಕಾರ್ಬ್ಯುರೇಟರ್ ಇತ್ತು. ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕಿನ ಬದಲು ಡ್ರಮ್ ಬ್ರೇಕ್ ಇತ್ತು. ಡ್ಯಾಶ್‌ಬೋರ್ಡಿನ ನಡುವೆ ಮೀಟರುಗಳ ಜಾಗದಲ್ಲಿ ಎರಡು ದೊಡ್ಡ ತೂತು, ಎರಡು ಸಣ್ಣ ತೂತು ಉಳಿದಿದ್ದವು. ಮಾಡಿನ ಬಟ್ಟೆಯೂ ಇರಲಿಲ್ಲ, ಅದನ್ನು ಹಿಡಿದು ನಿಲ್ಲಿಸುವ ಕೊಳವೆಗಳೂ ಇರಲಿಲ್ಲ. ಇಂಜಿನ್ ಏನೋ ಇತ್ತು, ಆದರೆ ಅದು ಈ ಕಾರಿನದಲ್ಲ.

ಅದು ಸ್ಟ್ಯಾಂಡರ್ಡ್ ಹೆರಾಲ್ಡಿನದು, ಮತ್ತು ಈ ಕಾರನ್ನು ಬೆಂಗಳೂರಿನಲ್ಲಿ ಕೂತು ರಿಪೇರಿ ಮಾಡುವ ಧೈರ್ಯ ನನಗೆ ಬಂದದ್ದೇ ಆ ಹೆರಾಲ್ಡಿನಿಂದ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಟ್ರಯಂಫಿನದೇ ಆದ ಹೆರಾಲ್ಡ್ ಕಾರನ್ನು ಇಲ್ಲಿಯೇ ತಯಾರಿಸುತ್ತಿತ್ತು; ನಮ್ಮ ಚಿಕ್ಕಪ್ಪನ ಬಳಿಯೂ ಒಂದಿತ್ತು, ಇಡೀ ಮುಂಭಾಗವೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಅದರ ಬಾನೆಟ್ಟನ್ನು ನೋಡಲು ಓಣಿಯ ಹುಡುಗರೆಲ್ಲ ಸೇರುತ್ತಿದ್ದೆವು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1962ರಲ್ಲಿ ಸ್ಪಿಟ್‌ಫೈರನ್ನು ಕಟ್ಟಿದ್ದು ಅದೇ ಹೆರಾಲ್ಡಿನ ಚಾಸಿಸನ್ನು, ಅಂದರೆ ಅಡಿಯ ಚೌಕಟ್ಟನ್ನು, ಮೊಟಕುಗೊಳಿಸಿ. ಹೆರಾಲ್ಡಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 91.5 ಇಂಚು, ಇದರಲ್ಲಿ 83 ಇಂಚು. ಎರಡೂ ಕಾರುಗಳ ರೂಪ ಬರೆದವರು ಇಟಲಿಯ ಜಿಯೋವಾನಿ ಮಿಕೆಲೋಟ್ಟಿ. ಮುಂದಿನ ಸಸ್ಪೆನ್ಷನ್, ಸ್ಟಿಯರಿಂಗ್, ಗೇರ್‌ಬಾಕ್ಸ್, ಹಿಂದೆ ಅಡ್ಡಲಾಗಿ ಕೂತ ಪಟ್ಟಿ ಸ್ಪ್ರಿಂಗು, ಇವೆಲ್ಲ ಒಂದೇ ಕುಟುಂಬದವು. ಆದ್ದರಿಂದಲೇ ಹಿಂದೊಮ್ಮೆ ಯಾರೋ ಬಿಡಿಭಾಗ ಸಿಗದೆ ಹೆರಾಲ್ಡಿನ ಇಂಜಿನ್ನನ್ನೂ ಡ್ರಮ್ಮುಗಳನ್ನೂ ಜೋಡಿಸಿ ಓಡಿಸಿಕೊಂಡಿದ್ದರು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆಮದಿಗೆ ಅಷ್ಟೊಂದು ನಿರ್ಬಂಧವಿದ್ದ ಕಾಲದಲ್ಲಿ ಗಾಡಿ ಗುಜರಿಗೆ ಹೋಗದೆ ಉಳಿದದ್ದೇ ಆ ಕಸಿಯಿಂದ.

ಆದರೆ ಕಾಗದಪತ್ರದ ದೃಷ್ಟಿಯಲ್ಲಿ ಆ ಕಸಿ ದೊಡ್ಡ ತೊಡಕು. ಆರ್.ಸಿ.ಯಲ್ಲಿ ನಮೂದಾದ ಇಂಜಿನ್ ನಂಬರ್ ಎಫ್‌ಸಿ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ, ಅದು ಸ್ಪಿಟ್‌ಫೈರಿನದು. ಕಾರಿನಲ್ಲಿ ಕೂತಿದ್ದುದು ಹೆರಾಲ್ಡಿನ 948 ಸಿಸಿ ಇಂಜಿನ್. 50 ವರ್ಷ ಮೀರಿದ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರಕಟಿಸಿದ ವಿಂಟೇಜ್ ನಿಯಮವು, ವಾಹನ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ ಮತ್ತು ಇಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎನ್ನುತ್ತದೆ. ಹೊಸದಾಗಿ ನೋಂದಣಿ ಮಾಡಿಸಿದರೆ ಶುಲ್ಕ 20,000 ರೂಪಾಯಿ, ನಂಬರಿನ ನಡುವೆ ವಿಎ ಎಂಬ ಅಕ್ಷರಗಳು ಬರುತ್ತವೆ. ಈಗಾಗಲೇ ನೋಂದಣಿಯಾದ ಗಾಡಿಗಾದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಈ ಕಾರಿನ ನಂಬರು ಎಂ.ವೈ. ಎಂದು ಆರಂಭವಾಗುತ್ತದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ಕ್ಕಿಂತ ಹಿಂದಿನ, ಮೈಸೂರು ರಾಜ್ಯದ ಕಾಲದ ನಂಬರು ಅದು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಎರಡನೆಯ ಭಾನುವಾರ ಮಧ್ಯಾಹ್ನ ಶೆಡ್ಡಿನ ಮೂಲೆಯಲ್ಲಿ, ಒಡೆದ ಹೆಂಚಿನಿಂದ ಮಳೆನೀರು ಸೋರುವ ಜಾಗದಲ್ಲಿ, ಮಗುಚಿಟ್ಟ ಸಿಮೆಂಟ್ ತೊಟ್ಟಿಯ ಪಕ್ಕ ಮೇಸ್ತ್ರಿಗೆ ಒಂದು ಇಂಜಿನ್ ಬ್ಲಾಕ್ ಸಿಕ್ಕಿತು. ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಇರಲಿಲ್ಲ. ನಾಲ್ಕು ಪಿಸ್ಟನ್ನುಗಳು ತಾವು ಆಡುವ ದುಂಡು ರಂಧ್ರದೊಳಗೆ, ಅಂದರೆ ಬೋರಿನೊಳಗೆ, ತುಕ್ಕಿನಿಂದ ಕಚ್ಚಿಕೊಂಡಿದ್ದವು, ಒಂದರ ತಲೆಯ ಮೇಲೆ ಜೇಡ ಮನೆ ಮಾಡಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬ್ಲಾಕಿನ ಎಡಬದಿಯ ಅಂಚನ್ನು ತಿಕ್ಕಿದಾಗ ಮೊದಲು ಒಂದು ಎಫ್ ಕಂಡಿತು, ಆಮೇಲೆ ಸಿ, ಅದಾದ ಮೇಲೆ ಅಂಕೆಗಳು ಒಂದೊಂದಾಗಿ ಕಪ್ಪು ಮಡ್ಡಿಯೊಳಗಿಂದ ಮೇಲೆದ್ದವು. ಮೇಸ್ತ್ರಿ ಟಾರ್ಚ್ ಹಿಡಿದು ಓದಿದರು, ನಾನು ಆರ್.ಸಿ. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಅನುಸರಿಸಿದೆ. ಕೊನೆಯ ಅಂಕೆಯವರೆಗೂ ಹೊಂದಿತು. ಬೋರಿನ ಅಗಲ ಅಳೆದರೆ 69.3 ಮಿ.ಮೀ. ಆಸುಪಾಸು, ಅಂದರೆ 1147 ಸಿಸಿ ಇಂಜಿನ್ನಿನ ಅಳತೆಯೇ, ಹೆರಾಲ್ಡಿನದು 63. ಆ ಬ್ಲಾಕ್ ಸಿಕ್ಕದಿದ್ದರೆ ನಾನು ಕಾರನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದೆ.

ಇನ್ನು ತುಕ್ಕಿನ ವಿಚಾರ. ಕರಾವಳಿಯಲ್ಲಿ ನಿಂತ ಗಾಡಿಗೆ ಹೋಲಿಸಿದರೆ ಬೆಂಗಳೂರಿನಲ್ಲಿ ನಿಂತ ಗಾಡಿ ವಾಸಿ ಎಂಬುದು ನಿಜವೇ, ಆದರೆ ಶೆಡ್ ಸೋರಿದರೆ ಊರು ಯಾವುದಾದರೇನು? ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸುತ್ತ ಹೋದರೆ ಪುಟ್ಟಿ ಮೆತ್ತಿದ ಕಡೆಯಲ್ಲೆಲ್ಲ ಅದು ಹಿಡಿತ ಬಿಡುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ತೊಲೆ, ಅಂದರೆ ಸಿಲ್, ಇದ್ದ ಕಡೆ ಅದು ಕೆಳಗೆ ಬಿದ್ದೇಬಿಟ್ಟಿತು. ಸ್ಪಿಟ್‌ಫೈರಿನ ಮಟ್ಟಿಗೆ ಇದು ಬರೀ ಅಂದದ ಪ್ರಶ್ನೆಯಲ್ಲ. ಹೆರಾಲ್ಡಿನ ಚಾಸಿಸ್ಸಿಗೆ ಪಕ್ಕದ ಪಟ್ಟಿಗಳಿವೆ, ಸ್ಪಿಟ್‌ಫೈರಿನಲ್ಲಿ ಅವನ್ನು ತೆಗೆದು ನಡುಬೆನ್ನನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಮಾಡಿಲ್ಲದ ಈ ಕಾರಿನ ಬಾಡಿ ನಡುವೆ ಬಾಗದಂತೆ ಹಿಡಿದಿರುವುದು ಆ ಎರಡು ಸಿಲ್ಲುಗಳೇ. ಪರೀಕ್ಷೆ ಸುಲಭದ್ದು. ಎಡಬಾಗಿಲು ಮುಚ್ಚಿಟ್ಟು, ಬಾಗಿಲಿಗೂ ಹಿಂದಿನ ಕಂಬಕ್ಕೂ ನಡುವಿನ ಸಂದಿನಲ್ಲಿ ಒಂದು ರೂಪಾಯಿ ನಾಣ್ಯ ಸಲೀಸಾಗಿ ಜಾರುವುದನ್ನು ನೋಡಿಕೊಂಡು, ಮುಂದೆ ಜಾಕ್ ಹಾಕಿ ಎತ್ತಿದೆವು. ನಾಣ್ಯ ಸಿಕ್ಕಿಕೊಂಡಿತು. ಇನ್ನೂ ಎರಡು ಸುತ್ತು ಎತ್ತಿದ ಮೇಲೆ ಬಾಗಿಲನ್ನೇ ತೆರೆಯಲಾಗಲಿಲ್ಲ. ಮಾಲೀಕರ ಮಗನೂ ಅಲ್ಲಿಯೇ ನಿಂತು ನೋಡುತ್ತಿದ್ದರು. ಬೆಲೆಯ ಮಾತು ಮತ್ತೆ ಶುರುವಾದದ್ದು ಅಲ್ಲಿಂದ.

ಪಟ್ಟಿಯಲ್ಲಿ ಗುರುತು ಬೀಳದ ಭಾಗಗಳಿಗೆಲ್ಲ ಇಂಗ್ಲೆಂಡಿನ ಅಂಗಡಿಗಳ ದರ ಬರೆದು, ಸಾಗಣೆಯನ್ನೂ ಸುಂಕವನ್ನೂ ಸೇರಿಸಿ, ಆ ಹಾಳೆಯನ್ನು ಅವರ ಮುಂದಿಟ್ಟೆ. ಚೌಕಾಸಿಗಿಂತ ಇದು ಮರ್ಯಾದೆಯ ದಾರಿ ಎಂದು ನನ್ನ ಅಭಿಪ್ರಾಯ. ಸ್ಪಿಟ್‌ಫೈರ್ 1980ರವರೆಗೆ ಬೇರೆ ಬೇರೆ ಮಾದರಿಗಳಲ್ಲಿ ಮೂರು ಲಕ್ಷಕ್ಕೂ ಮೀರಿ ತಯಾರಾದ ಕಾರಾದ್ದರಿಂದ ಸಿಲ್, ನೆಲದ ತಗಡು, ಬ್ರೇಕಿನ ಭಾಗಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಕೆಲವೇ ನೂರು ತಯಾರಾದ ಅಪರೂಪದ ಕಾರನ್ನು ಅಪೂರ್ಣವಾಗಿ ಕೊಳ್ಳುವವರ ಎದೆಗಾರಿಕೆಗೆ ನಾನು ಕೈ ಮುಗಿಯುತ್ತೇನೆ. ಕೊನೆಗೆ ಮೂರು ಮುಕ್ಕಾಲು ಲಕ್ಷಕ್ಕೆ ಒಪ್ಪಂದವಾಯಿತು, ಅದೂ ವಾರಸುದಾರರೆಲ್ಲ ಸಹಿ ಮಾಡಿ, ಮಾಲೀಕರ ಮರಣಾನಂತರದ ವರ್ಗಾವಣೆಗೆ ಬೇಕಾದ 31ನೇ ನಮೂನೆ ಸಲ್ಲಿಸಿ, ಆರ್.ಸಿ. ಮಗನ ಹೆಸರಿಗೆ ಬಂದ ನಂತರವೇ ಪೂರ್ತಿ ಹಣ ಎಂಬ ಷರತ್ತಿನ ಮೇಲೆ. ಇದಕ್ಕೆ ಹಿಡಿದದ್ದು ನಾಲ್ಕು ತಿಂಗಳು. ಅಷ್ಟರಲ್ಲಿ ಬಂಗಲೆಯ ಅರ್ಧ ಕೆಡವಿ ಆಗಿತ್ತು.

ಕಾರು ಟೆಂಪೋದಿಂದ ನಮ್ಮ ಮನೆಯ ಮುಂದೆ ಇಳಿದ ದಿನ ನನ್ನಾಕೆ ಅದನ್ನೊಂದು ಸುತ್ತು ಹಾಕಿ ನೋಡಿ, “ಅಲ್ಲಾ ರೀ, ಗುಜರಿಯವರು ದುಡ್ಡು ಕೊಟ್ಟು ತಗೊಂಡು ಹೋಗೋದನ್ನ ನೀವು ದುಡ್ಡು ಕೊಟ್ಟು ತಂದಿದ್ದೀರಾ?” ಎಂದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಏಕೆಂದರೆ ಅದೇ ಗಳಿಗೆಯಲ್ಲಿ ನನ್ನ ದೊಡ್ಡ ತಪ್ಪು ಬೆಳಕಿಗೆ ಬಂದಿತ್ತು. ಈ ಮಾದರಿಯಲ್ಲಿ ಮುಂದಿನ ಗಾಜಿನ ಚೌಕಟ್ಟು ಬಾಡಿಗೆ ಬೋಲ್ಟಿನಲ್ಲಿ ಕೂರುವ ಪ್ರತ್ಯೇಕ ಭಾಗ. ಶೆಡ್ಡಿನ ಕತ್ತಲಲ್ಲಿ ಗೋಣಿಚೀಲದೊಳಗಿಂದ ಇಣುಕುತ್ತಿದ್ದ ಬಾಗಿದ ಚೌಕಟ್ಟೊಂದನ್ನು ಮುಟ್ಟಿ ನೋಡಿ, ಪಟ್ಟಿಯಲ್ಲಿ ‘ಇದೆ’ ಎಂದು ನಾನೇ ಗುರುತು ಹಾಕಿದ್ದೆ. ಬಿಸಿಲಿಗೆ ತಂದು ಬಿಚ್ಚಿದಾಗ ಅದು ಹೆರಾಲ್ಡಿನ ಹಿಂದಿನ ಗಾಜಿನ ಸುತ್ತುಕಟ್ಟು. ಮೇಸ್ತ್ರಿ ಏನೂ ಹೇಳಲಿಲ್ಲ. ಪಟ್ಟಿ ಇಸಿದುಕೊಂಡು ಆ ಗುರುತನ್ನು ಹೊಡೆದುಹಾಕಿ ವಾಪಸು ಕೊಟ್ಟರು. ಹೊಸದು ಮಾಡುವವರು ನನಗೆ ಸಿಗಲಿಲ್ಲ. ಹಳೆಯದೊಂದನ್ನು ಹುಡುಕಿ ತರಿಸಲು ಏಳು ತಿಂಗಳು ಹಿಡಿಯಿತು, ಮತ್ತು ಅದಕ್ಕೆ ತೆತ್ತ ಹಣ ಆ ಬ್ಲಾಕನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ಖರ್ಚಿಗಿಂತ ಹೆಚ್ಚು.

ಇಂಜಿನ್ ಕೆಲಸ ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಪಿಸ್ಟನ್ನುಗಳು ಡೀಸೆಲ್ಲಿನಲ್ಲಿ ಮೂರು ವಾರ ನೆಂದು ಮರದ ಕೊಡತಿಯ ಪೆಟ್ಟಿಗೆ ಸಡಿಲವಾದವು, ಜೆ.ಸಿ. ರಸ್ತೆಯ ಬಳಿಯ ಬೋರಿಂಗ್ ಅಂಗಡಿಯಲ್ಲಿ ಎರಡು ದಿನದ ಕೆಲಸ. ನನ್ನ ತಾಳ್ಮೆ ಪರೀಕ್ಷಿಸಿದ್ದು ನಟ್ಟು ಬೋಲ್ಟುಗಳು. ಇವೆಲ್ಲ ಇಂಚಿನ ಅಳತೆಯವು. ಅರ್ಧ ಇಂಚಿನ ತಲೆಗೆ 13 ಮಿ.ಮೀ. ಸ್ಪ್ಯಾನರ್ ಹೊಂದಿದಂತೆಯೇ ಕಾಣುತ್ತದೆ, ಆದರೆ ಅರ್ಧ ಇಂಚೆಂದರೆ 12.7 ಮಿ.ಮೀ. ಆ ಕೂದಲೆಳೆಯ ಸಡಿಲದಲ್ಲಿ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳು ಸವೆದು ದುಂಡಾಗುತ್ತವೆ. ಆರು ಬೋಲ್ಟು ಕೆಟ್ಟ ಮೇಲೆ ಕುಂಬಾರಗುಂಡಿಯಲ್ಲಿ ಹಳೆಯ ಇಂಚಿನ ಸ್ಪ್ಯಾನರುಗಳನ್ನು ಹುಡುಕಿ ತಂದೆ.

ಮುಂದಿನ ಸಸ್ಪೆನ್ಷನ್ನಿನ ಕೆಳತುದಿಯಲ್ಲಿ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ತುಣುಕಿದೆ. ಸ್ಟಿಯರಿಂಗ್ ತಿರುಗಿದಂತೆ ಅದರೊಳಗಿನ ತಿರುಪಿನ ಮರೆಯಲ್ಲಿ ಉಕ್ಕಿನ ಕಂಬ ತಿರುಗುತ್ತದೆ. ಅಲ್ಲಿ ಗ್ರೀಸ್ ಗನ್ನಿನ ಬಾಯಿ ಕೂರುವಂಥ ನಿಪ್ಪಲ್ ಇರುವುದರಿಂದ ಎಲ್ಲರೂ ಗ್ರೀಸ್ ತುಂಬುತ್ತಾರೆ. ಅದಕ್ಕೆ ಬೇಕಾದದ್ದು ಗೇರ್ ಎಣ್ಣೆ. ಗ್ರೀಸ್ ಗಟ್ಟಿಯಾಗಿ ಕೂತು ಮರೆಗಳ ಆಳಕ್ಕೆ ಇಳಿಯುವುದಿಲ್ಲ, ನೀರು ಸೇರಿ ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ನಮ್ಮ ಚಿಕ್ಕಪ್ಪನ ಹೆರಾಲ್ಡ್ ಮಾಗಡಿ ರಸ್ತೆಯಲ್ಲಿ ಒಂದು ಬದಿಗೆ ಕುಸಿದು ಕೂತದ್ದು ಹೀಗೆಯೇ ಇರಬೇಕು ಎಂದು ಈಗ ಅನಿಸುತ್ತದೆ. ಈ ಕಾರಿನ ಎಡಗಡೆಯ ಕಂಬವನ್ನು ಬಿಚ್ಚಿ ನೋಡಿದರೆ ಮರೆಗಳ ತಳದಲ್ಲಿ ಕೆಂಪು ತುಕ್ಕು. ಡಿಸ್ಕ್ ಬ್ರೇಕಿನೊಂದಿಗೆ ಎರಡೂ ಬದಿಗೆ ಹೊಸದನ್ನೇ ತರಿಸಿದೆ.

ಸಿಲ್ಲುಗಳನ್ನು ಕತ್ತರಿಸುವ ಮೊದಲು ಬಾಗಿಲಿನ ಕಂಡಿಗೆ ಅಡ್ಡಲಾಗಿ ಚೌಕ ಕೊಳವೆಗಳನ್ನು ವೆಲ್ಡ್ ಮಾಡಿ ಬಿಗಿದೆವು. ಹಾಗೆ ಮಾಡದಿದ್ದರೆ ಬಾಡಿ ಬಾಗಿದ ಸ್ಥಿತಿಯಲ್ಲಿಯೇ ಹೊಸ ಸಿಲ್ ಕೂತು, ಮುಂದೆ ಯಾವ ಬಾಗಿಲೂ ಜನ್ಮದಲ್ಲಿ ಸರಿಹೋಗುವುದಿಲ್ಲ. ಕೊಳವೆ ಬಿಗಿಯುವ ಮುನ್ನ ಜಾಕುಗಳನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ, ಬಾಗಿಲಿನ ಸಂದು ಮೇಲೂ ಕೆಳಗೂ ಒಂದೇ ಸಮನಾಗುವ ತನಕ ಮೇಸ್ತ್ರಿ ಒಂದು ಇಡೀ ದಿನ ತೆಗೆದುಕೊಂಡರು. ಎಡಬದಿಯ ಕೆಲಸ ಕಳೆದ ವಾರ ಮುಗಿಯಿತು. ಕೊಳವೆ ಕತ್ತರಿಸಿ ತೆಗೆದು, ಬಾಗಿಲು ಕೂರಿಸಿ, ಮತ್ತೆ ಮುಂದೆ ಜಾಕ್ ಹಾಕಿ ಎತ್ತಿ, ಅದೇ ಒಂದು ರೂಪಾಯಿ ನಾಣ್ಯವನ್ನು ಸಂದಿನಲ್ಲಿ ಮೇಲಿನಿಂದ ಬಿಟ್ಟೆ. ಅದು ಎಲ್ಲಿಯೂ ನಿಲ್ಲದೆ ಕೆಳಗಿನವರೆಗೆ ಜಾರಿ ನೆಲಕ್ಕೆ ಬಿತ್ತು. ಬಲಬದಿಯನ್ನು ದಸರಾ ಕಳೆದ ಮೇಲೆ ಬಿಚ್ಚುವುದೆಂದು ಮಾತಾಗಿದೆ, ಮತ್ತು ಎರಡನೆಯ ಆಸನ ಇನ್ನೂ ಸಿಕ್ಕಿಲ್ಲ.