ಬಿಕ್ಕಳಿಸುತ್ತಿರುವವರ ಇಸಿಜಿ ತೆಗೆಯುವಾಗ

ಮಂಗಳೂರಿನ ಸೆಕೆಗೆ ಇಸಿಜಿ ಕೋಣೆಯಲ್ಲಿ ಮೊದಲ ಕೆಲಸ ಬೆವರು ಒರೆಸುವುದು. ಮೈಗೆ ತೆಂಗಿನೆಣ್ಣೆ ಹಚ್ಚಿದ್ದರೆ ಸ್ಪಿರಿಟ್ ಹತ್ತಿಯಲ್ಲಿ ತಿಕ್ಕಲೇಬೇಕು, ಇಲ್ಲವಾದರೆ ಎದೆಗೆ ಹಚ್ಚುವ ಇಸಿಜಿಯ ರಬ್ಬರ್ ಬಲ್ಬ್ ನಿಲ್ಲುವುದಿಲ್ಲ. ಅದರ ಮೇಲೆ ರೋಗಿಗೆ ಬಿಕ್ಕಳಿಕೆಯೂ ಇದ್ದರೆ ಕಾಗದದ ಗೆರೆಯನ್ನು ಕೂಡಲೇ ನಂಬಬೇಡಿ.

ಬಿಕ್ಕಳಿಸುವಾಗ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ತಟ್ಟನೆ ಸೆಳೆದಾಗ ಎದೆ ಅಲುಗಿ ಗೆರೆ ಮೇಲೆ ಕೆಳಗೆ ಹಾರುತ್ತದೆ. ಅದು ಹೃದಯದ ಕೆಳಕೋಣೆಯಿಂದ ಬಂದ ಅಕಾಲಿಕ ಬಡಿತದಂತೆಯೇ ಕಾಣಬಹುದು. ಎರಡನೇ ಲೀಡನ್ನು (ಹೃದಯವನ್ನು ಒಂದೊಂದು ಕೋನದಿಂದ ತೋರಿಸುವ ಗೆರೆಗಳೇ ಲೀಡುಗಳು) ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಅರ್ಧ ನಿಮಿಷ ಓಡಿಸಿ. ಒಬ್ಬರು ನಾಡಿ ಹಿಡಿಯಲಿ, ಇನ್ನೊಬ್ಬರು ಪ್ರತಿ ಬಿಕ್ಕಳಿಕೆಗೆ ಕಾಗದದಲ್ಲಿ ಪೆನ್ನಿನ ಗುರುತು ಹಾಕಲಿ. ಗುರುತಿನ ಜಾಗದಲ್ಲೇ ಮೊನೆ ಎದ್ದು, ಅದರ ನಡುವೆಯೂ ಆರ್ ಅಲೆಗಳು (ಪ್ರತಿ ಬಡಿತದ ಎತ್ತರದ ಗೆರೆಗಳು) ಸಮ ಅಂತರದಲ್ಲಿ ಸಾಗಿ, ನಾಡಿಯೂ ತಪ್ಪದಿದ್ದರೆ ಅದು ಹೃದಯದ್ದಲ್ಲ, ವಪೆಯದು.

ಆರೋಗ್ಯವಂತರಲ್ಲಿ ಬಿಕ್ಕಳಿಕೆಯಿಂದ ಹೃದಯದ ಲಯಕ್ಕೆ ಹೆಚ್ಚೇನೂ ಆಗುವುದಿಲ್ಲ. ಅದನ್ನು ನಿಲ್ಲಿಸಲು ಮಾಡುವ ಉಪಾಯಗಳೇ ಲಯವನ್ನು ಹೆಚ್ಚು ಕದಲಿಸುತ್ತವೆ. ಉಸಿರು ಬಿಗಿಹಿಡಿದು ತಿಣುಕಿ ಬಿಟ್ಟ ಮೇಲೆ ವೇಗಸ್ ನರ ಕೆರಳಿ ಬಡಿತ ನಿಧಾನವಾಗುತ್ತದೆ. ವಯಸ್ಸಾದವರಿಗೆ ತಲೆ ತಿರುಗಬಹುದು. ಕಣ್ಣುಗುಡ್ಡೆ ಒತ್ತುವುದಂತೂ ಬೇಡವೇ ಬೇಡ.

ಪೇಸ್‌ಮೇಕರ್ ಇದ್ದವರ ವಿಷಯ ಬೇರೆ. ನಿಮಿಷಕ್ಕೆ 60 ಎಂದು ಹೊಂದಿಸಿದ ಯಂತ್ರದ ಬಡಿತಕ್ಕೆ ಸರಿಯಾಗಿ ಹೊಟ್ಟೆಯ ಮೇಲ್ಭಾಗ ತಾಳ ಹಾಕಿದಂತೆ ಹಾರುತ್ತಿದ್ದರೆ, ವಿದ್ಯುತ್ತು ವಪೆಗೋ ಅದನ್ನು ಆಡಿಸುವ ಫ್ರೆನಿಕ್ ನರಕ್ಕೋ ತಾಗುತ್ತಿದೆ ಎಂದು ಅನುಮಾನಿಸಬೇಕು. ತಂತಿ ಜರುಗಿರಬಹುದು. ಗ್ಯಾಸಿನ ಗುಳಿಗೆ ಕೊಟ್ಟು ಮನೆಗೆ ಕಳಿಸದೆ ಅಂದೇ ಯಂತ್ರ ಪರೀಕ್ಷಿಸಿ.

ಹೃದಯದ ಕೆಳಗೋಡೆ ವಪೆಯ ಮೇಲೇ ಕೂತಿರುತ್ತದೆ. ಹಾಗಾಗಿ ಆ ಭಾಗದ ಹೃದಯಾಘಾತ ಅಪರೂಪಕ್ಕೆ ಬಿಕ್ಕಳಿಕೆಯಾಗಿ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಎದೆನೋವು ಇಲ್ಲದೆಯೂ ಇರಬಹುದು. ಕೆಳಗೋಡೆ ತೋರಿಸುವ ಎರಡು, ಮೂರು, ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಭಾಗ (ಬಡಿತದ ಮೊನೆಯ ನಂತರದ ಗೆರೆ) ಏರಿದೆಯೇ ನೋಡದೆ ಕಾಗದ ಮಡಚಬೇಡಿ.

ಬಿಕ್ಕಳಿಕೆ 48 ಗಂಟೆ ದಾಟಿದರೆ ಔಷಧಿ ಶುರುವಾಗುತ್ತದೆ. ಕ್ಲೋರ್‌ಪ್ರೊಮಝೀನ್, ಹ್ಯಾಲೊಪೆರಿಡಾಲ್, ಡೊಂಪೆರಿಡೋನ್ ಇವೆಲ್ಲ ಕ್ಯೂಟಿ ಅಂತರವನ್ನು (ಪ್ರತಿ ಬಡಿತದಲ್ಲಿ ಕೆಳಕೋಣೆಗಳ ವಿದ್ಯುತ್ ಕೆಲಸ ಶುರುವಾಗಿ ಮುಗಿಯುವವರೆಗಿನ ಸಮಯ) ಹಿಗ್ಗಿಸಬಲ್ಲವು. ಅಝಿತ್ರೊಮೈಸಿನ್ ಜೊತೆಗಿದ್ದರೆ ಇನ್ನಷ್ಟು. ವಾಂತಿಭೇದಿಯಾಗಿ ಪೊಟ್ಯಾಸಿಯಂ ಇಳಿದವರಲ್ಲಿ ಹೃದಯದ ಲಯ ತಪ್ಪುವ ಅಪಾಯ ಇನ್ನೂ ದೊಡ್ಡದು. ಮೊದಲ ಡೋಸಿಗೆ ಮುಂಚೆ ಒಂದು ಇಸಿಜಿ, ಆಮೇಲೆ ಮತ್ತೊಂದು. ಬಡಿತದ ವೇಗಕ್ಕೆ ತಕ್ಕಂತೆ ಸರಿಪಡಿಸಿದ ಕ್ಯೂಟಿ 500 ಮಿಲಿಸೆಕೆಂಡ್ ಮೀರಿದ್ದರೆ ಮುಂದಿನ ಡೋಸ್ ತಡೆದು ವೈದ್ಯರಿಗೆ ಫೋನ್ ಮಾಡಿ.