ಪಹಣಿಯಲ್ಲಿ ಇಲ್ಲದ ಮುತ್ತಜ್ಜಿ

"ನಿನ್ನ ಮುತ್ತಜ್ಜಿಯನ್ನು ಎಲ್ಲಿ ಮಣ್ಣು ಮಾಡಿದ್ದು?"

ಸತ್ತವರನ್ನು ನೆನೆದು ಗೋರಿಗಳಿಗೆ ಹೂವಿಡುವ ಮೆಮೋರಿಯಲ್ ಡೇ ಹತ್ತಿರ ಬಂದಾಗ, ಅಮೆರಿಕದ ಉತ್ತರ ಡಕೋಟಾ ರಾಜ್ಯದ ಬಿಸ್ಮಾರ್ಕಿನ ನಮ್ಮ ಪಕ್ಕದ ಮನೆಯ ಅಜ್ಜಿ ಮಾತಿಗೆ ಮಾತು ಬಂದು ಕೇಳಿದ ಪ್ರಶ್ನೆ ಇದು. ಅವರ ಕಾರಿನ ಡಿಕ್ಕಿಯಲ್ಲಿ ಹೂವಿನ ಕುಂಡ, ತಂತಿ ಬ್ರಷ್, ಬಿಳಿ ಪೇಂಟಿನ ಡಬ್ಬಿ ಇದ್ದವು. ಹಿರಿಯರ ಗೋರಿಗಳನ್ನು ಚೊಕ್ಕಟ ಮಾಡಲು ಹೊರಟಿದ್ದರು. ಅವರ ಮುತ್ತಜ್ಜಿ ಓದುಬರಹ ಬಾರದ ಒಕ್ಕಲಗಿತ್ತಿ. ಆದರೂ ಆಕೆ ಹುಟ್ಟಿದ ಊರು, ಹಡಗು ಹತ್ತಿದ ಬಂದರು, ಯಾವ ಹೆರಿಗೆಯಲ್ಲಿ ಸತ್ತಳು ಅನ್ನುವುದೆಲ್ಲ ಅಜ್ಜಿಗೆ ಗೊತ್ತು. ನನ್ನ ಬಳಿ ಉತ್ತರವಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಅವರು ಏನೂ ಅಂದುಕೊಳ್ಳಲಿಲ್ಲ, ಆದರೆ ಆ ಪ್ರಶ್ನೆ ಇನ್ನೂ ಚುಚ್ಚುತ್ತಿದೆ.

ಆ ಅಜ್ಜಿಯ ಜನ ಜರ್ಮನರು, ಆದರೆ ಬಂದದ್ದು ಜರ್ಮನಿಯಿಂದಲ್ಲ. ರಷ್ಯಾದ ರಾಣಿ ಎರಡನೇ ಕ್ಯಾಥರೀನ್ 1763ರಲ್ಲಿ, ಆಮೇಲೆ ಒಂದನೇ ಅಲೆಕ್ಸಾಂಡರ್ 1804ರಲ್ಲಿ ಜರ್ಮನ್ ರೈತರನ್ನು ಕರೆಸಿಕೊಂಡರು. ಕೈಗೆ ಭೂಮಿ, ತಮ್ಮ ಧರ್ಮ, ತಮ್ಮ ಭಾಷೆ, ಸೈನ್ಯಕ್ಕೆ ಸೇರಬೇಕಿಲ್ಲ ಎಂಬ ಮಾತು ಕೊಟ್ಟರು. ಇಂದಿನ ಉಕ್ರೇನಿನ ಒಡೆಸ್ಸಾ ಹತ್ತಿರ 1808ರ ಹೊತ್ತಿಗೆ ಸೆಲ್ಜ್, ಸ್ಟ್ರಾಸ್‌ಬುರ್ಗ್, ಕಾಂಡೆಲ್, ಬಾಡೆನ್ ಅಂತ ಊರುಗಳೆದ್ದವು. 1871ರಲ್ಲಿ ವಿಶೇಷ ಹಕ್ಕುಗಳು ರದ್ದಾದವು, 1874ರಲ್ಲಿ ಸೈನ್ಯಕ್ಕೆ ಕಡ್ಡಾಯ ಸೇರ್ಪಡೆ ಬಂತು. ಒಕ್ಕಲು ಮನೆಗಳು ಮತ್ತೆ ಗಂಟು ಕಟ್ಟಿ ಡಕೋಟಾ ಬಯಲಿಗೆ ಹೊರಟವು. ಇಲ್ಲಿಯ ಜನಗಣತಿಯಲ್ಲಿ ಇವರ ಹುಟ್ಟೂರಿನ ಮುಂದೆ 'ರಷ್ಯಾ' ಅಂತಲೇ ಇದೆ. ಅಮೆರಿಕದ ಪೌರತ್ವದ ಪ್ರಮಾಣದಲ್ಲಿ ಇವರು ತೊರೆದದ್ದೂ ರಷ್ಯಾದ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನೇ.

ಬಿಸ್ಮಾರ್ಕಿನಿಂದ ದಕ್ಷಿಣಕ್ಕೆ ಹೋದರೆ ಸ್ಟ್ರಾಸ್‌ಬರ್ಗ್ ಅನ್ನುವ ಸಣ್ಣ ಊರು, ಅದರ ಹೊರವಲಯದಲ್ಲಿ ಲುಡ್ವಿಗ್ ಮತ್ತು ಕ್ರಿಸ್ಟೀನಾ ವೆಲ್ಕ್ ದಂಪತಿಯ ಹೊಲಮನೆ. 1892ರಲ್ಲಿ ಸೆಲ್ಜ್ ಕಡೆಯಿಂದ ಬಂದವರು. ಅವರ ಎಂಟು ಮಕ್ಕಳಲ್ಲಿ ಆರನೆಯವನಾದ ಲಾರೆನ್ಸ್ ವೆಲ್ಕ್ ಟಿವಿಯಲ್ಲಿ ವಾದ್ಯವೃಂದ ನಡೆಸಿ ಅಮೆರಿಕಕ್ಕೆಲ್ಲ ಪರಿಚಿತನಾದ. ಅದಕ್ಕೇ ಮನೆ ಉಳಿಯಿತು. 2015ರಲ್ಲಿ ರಾಜ್ಯದ ಇತಿಹಾಸ ಸಂಸ್ಥೆ ಕೊಂಡಿತು. ನನ್ನ ಮಟ್ಟಿಗೆ ಆ ಸಂಗೀತಗಾರನಿಗಿಂತ ಆ ಗೋಡೆಗಳೇ ದೊಡ್ಡವು. ಮೇಲೆ ಮರದ ಹಲಗೆ, ಒಳಗೆ ಬರಿಯ ಮಣ್ಣು.

ಬಯಲಲ್ಲಿ ಮರವಿಲ್ಲ. ಜೇಡಿಮಣ್ಣು, ನೀರು, ಹುಲ್ಲು ಸೇರಿಸಿ ಕುದುರೆಯಿಂದಲೋ ಕಾಲಿನಿಂದಲೋ ತುಳಿಸಿ, ಮರದ ಅಚ್ಚಿಗೆ ಬಡಿದು, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಗೆ ಇವರು 'ಬಾಟ್ಸಾ' ಅನ್ನುತ್ತಾರೆ. ಹುಲ್ಲು ಕಡಿಮೆಯಾದರೆ ಒಣಗುವಾಗಲೇ ಬಿರುಕು. ಅಚ್ಚಿನಿಂದ ತೆಗೆದ ಮೇಲೆ ಮಳೆ ಬಿದ್ದರೆ ಆ ಸರತಿ ಇಟ್ಟಿಗೆ ಅಷ್ಟೂ ಕೆಸರು. ಗೋಡೆ ದಪ್ಪವಿದ್ದರೆ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಆದರೆ ಪ್ರತಿ ವರ್ಷ ಮಣ್ಣು ಮೆತ್ತಿ ಸುಣ್ಣ ಬಳಿಯಬೇಕು, ಇಲ್ಲವಾದರೆ ಮಳೆನೀರು ಬುಡದಿಂದ ಕೊರೆಯುತ್ತದೆ. ಕೈಯಲ್ಲಿ ದುಡ್ಡು ಆಡಿದ ಕೂಡಲೇ ಹಲಗೆ ಹೊದಿಸುತ್ತಿದ್ದುದು ಅದಕ್ಕೇ.

ಉರುವಲು 'ಮಿಸ್ಟ್'. ಅಂದರೆ ಕುಳ್ಳು, ಬೆರಣಿ. ಇಲ್ಲಿ ಕೈಯಲ್ಲಿ ತಟ್ಟುವುದಿಲ್ಲ ಅಷ್ಟೆ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಹುಲ್ಲಿನೊಂದಿಗೆ ಬೆರೆತ ಸಗಣಿಯನ್ನು ಹಿಮ ಕರಗಿದ ಮೇಲೆ ಅಂಗಳದಲ್ಲಿ ದಪ್ಪಗೆ ಹರವಿ, ನೀರು ಚಿಮುಕಿಸಿ, ಕುದುರೆ ತುಳಿಸಿ ಗಟ್ಟಿ ಮಾಡುವುದು. ಸ್ವಲ್ಪ ಬಿಗಿಯಾದ ಮೇಲೆ ಸಲಿಕೆಯಿಂದ ಚೌಕ ಕತ್ತರಿಸಿ, ಅಂಚಿನ ಮೇಲೆ ನಿಲ್ಲಿಸಿ, ಮಗುಚಿ ಒಣಗಿಸಿ ಬಣವೆ ಒಟ್ಟುವುದು. ಒಳಗೆ ಹಸಿ ಉಳಿದರೆ ಹೊಗೆಯೇ ಹೊರತು ಶಾಖವಿಲ್ಲ. ಮಗುಚಿ ಒಣಗಿಸುವ ಕೆಲಸ ಬಹುಮಟ್ಟಿಗೆ ಹೆಂಗಸರು, ಮಕ್ಕಳ ಪಾಲು.

ಒಕ್ಕಲು ಹೂಡುವವರಿಗೆ ಸರ್ಕಾರಿ ಭೂಮಿ ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸಿಗುತ್ತಿತ್ತು. ಐದು ವರ್ಷ ಅಲ್ಲೇ ವಾಸ, ಸಾಗುವಳಿ, ಕೊನೆಗೆ ಹಕ್ಕು ಕೇಳುತ್ತಿರುವುದಾಗಿ ಪತ್ರಿಕೆಯಲ್ಲಿ ಪ್ರಕಟಣೆ, ಇಬ್ಬರು ಸಾಕ್ಷಿಗಳು. ಆ ಐದು ವರ್ಷ ದಾಟುವುದೇ ಕಷ್ಟವಾಗಿತ್ತು. 1888ರ ಜನವರಿ 12ರಂದು ಬೆಳಿಗ್ಗೆ ಚಳಿ ಇಳಿದು ಹಿತವಾಗಿತ್ತು. ಜನ ದಪ್ಪ ಕೋಟಿಲ್ಲದೆ ಹೊಲಕ್ಕೆ, ಮಕ್ಕಳು ಶಾಲೆಗೆ ಹೋದರು. ಹೊತ್ತೇರಿದ ಮೇಲೆ ಎದ್ದ ಹಿಮಗಾಳಿಯಲ್ಲಿ ಸುಮಾರು 235 ಜನ ಸತ್ತರೆಂಬ ಅಂದಾಜಿದೆ. ದಕ್ಷಿಣ ಡಕೋಟಾದ ಫ್ರೀಮನ್ ಹತ್ತಿರ ಇಂಥದೇ ಜರ್ಮನ್ ವಲಸಿಗರ ಐವರು ಹುಡುಗರು ಶಾಲೆಯಿಂದ ಹೊರಟು ದಾರಿ ತಪ್ಪಿ ಸತ್ತರು.

ಆದರೆ ಸ್ಮಶಾನದ ಪುಟ್ಟ ಗೋರಿಗಳಿಗೆಲ್ಲ ಹಿಮಗಾಳಿ ಕಾರಣವಲ್ಲ. ಗಂಟಲಮಾರಿ, ಕೆಂಪುಜ್ವರ, ಬೇಸಿಗೆಯ ಭೇದಿ. ಡಿಫ್ತೀರಿಯಾ ಬಂದರೆ ಗಂಟಲಲ್ಲಿ ಬೂದು ಪೊರೆ ಕಟ್ಟಿ ಮಗುವಿಗೆ ಉಸಿರು ಸಿಗುವುದಿಲ್ಲ, ಒಂದೇ ಮನೆಯಲ್ಲಿ ಒಂದರ ಹಿಂದೊಂದು ಹೋಗುತ್ತವೆ. 1890ರ ದಶಕದ ನಡುವಿನಲ್ಲಿ ಪ್ರತಿವಿಷದ ಚುಚ್ಚುಮದ್ದು ಬಂದರೂ ವೈದ್ಯ ಇರುತ್ತಿದ್ದುದು ಕುದುರೆಗಾಡಿಯ ಒಂದು ದಿನದ ದಾರಿಯಲ್ಲಿ. ಚಳಿಗಾಲದಲ್ಲಿ ನೆಲ ನಾಲ್ಕೈದು ಅಡಿ ಹೆಪ್ಪುಗಟ್ಟಿರುತ್ತದೆ. ಗುಂಡಿ ತೋಡಲಾಗದೆ ಶವವನ್ನು ಕಣಜದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ವಸಂತದವರೆಗೆ ಇಟ್ಟ ಮನೆಗಳುಂಟು. ತಾಯಿ ದಿನಾ ಅದೇ ಕಣಜಕ್ಕೆ ಹೋಗಿ ಕಾಳು ತರಬೇಕಲ್ಲ.

ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಇವರ ರೂಢಿ. ವಂಶ ಹುಡುಕುವವರು ಮೊದಲು ಎಡವುವುದು ಇಲ್ಲೇ: ಒಂದೇ ತಂದೆತಾಯಿಗೆ ಇಬ್ಬರು ಯೊಹಾನೆಸ್. ಮೊದಲನೆಯವನ ಸಾವನ್ನು ನೋಡದಿದ್ದರೆ ಎರಡನೆಯವನ ವಯಸ್ಸು ತಪ್ಪುತ್ತದೆ. ಇನ್ನೊಂದು ತೊಡಕು ದಿನಾಂಕದ್ದು. ರಷ್ಯಾದ ಚರ್ಚುಗಳು ಹಳೆಯ ಜೂಲಿಯನ್ ಪಂಚಾಂಗದಲ್ಲಿ ಬರೆದವು, 19ನೇ ಶತಮಾನದ ದಿನಾಂಕಗಳಿಗೆ 12 ದಿನ ಕೂಡಿಸಬೇಕು.

ಕ್ಯಾಥೊಲಿಕ್ ಸ್ಮಶಾನಗಳಲ್ಲಿ ಕಲ್ಲಿನ ಬದಲು ಕಬ್ಬಿಣದ ಶಿಲುಬೆಗಳಿವೆ. ಊರ ಕಮ್ಮಾರ ಹಳೆಯ ಚಕ್ರದ ಪಟ್ಟಿ, ಸರಳು, ಮುರಿದ ಸಾಮಾನು ಕಾಯಿಸಿ ಬಡಿದು, ನಡುವೆ ಹೃದಯ, ಸುತ್ತ ಸೂರ್ಯನ ಕಿರಣ, ತುದಿಗಳಲ್ಲಿ ಹೂಬಳ್ಳಿ ಮಾಡಿದ್ದು. ಕಬ್ಬಿಣ ನೂರು ವರ್ಷ ತಡೆಯುತ್ತದೆ, ತಡೆಯದಿರುವುದು ಹೆಸರು. ಹೆಸರನ್ನು ತಗಡಿನ ಮೇಲೆ ಬಣ್ಣದಲ್ಲಿ ಬರೆದಿದ್ದರೆ ಬಿಸಿಲು, ಮಂಜು ಅದನ್ನು ತಿಂದುಬಿಡುತ್ತವೆ. ತುಕ್ಕು ಮೊದಲು ಹಿಡಿಯುವುದು ಸಿಮೆಂಟಿನ ಬುಡ ಕಬ್ಬಿಣವನ್ನು ಕಚ್ಚಿದ ಜಾಗದಲ್ಲಿ, ನೀರು ನಿಲ್ಲುವುದು ಅಲ್ಲೇ. ಪಕ್ಕದ ಮನೆಯ ಅಜ್ಜಿ ಮೊದಲು ಅಕ್ಷರದ ಫೋಟೋ ತೆಗೆಯುತ್ತಾರೆ, ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತಲ್ಲಿ. ಆಮೇಲೇ ಬ್ರಷ್. ಅದೂ ಬುಡಕ್ಕೆ ಮಾತ್ರ, ತಗಡಿಗೆ ಎಂದೂ ತಾಗಿಸುವುದಿಲ್ಲ.

ಶಿಲುಬೆ ಅಳಿಸಿಹೋದರೂ ಕಾಗದವಿದೆ. ಪ್ರಾಟೆಸ್ಟೆಂಟ್ ಪಂಗಡದ ಲುಥೆರನ್ ಮನೆಗಳ 1833ರಿಂದ 1885ರವರೆಗಿನ ಜನನ, ಮದುವೆ, ಮರಣಗಳ ನಕಲು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಉಳಿದಿತ್ತು. ಸ್ವಯಂಸೇವಕರು ಸಾಲು ಸಾಲಾಗಿ ಬಿಡಿಸಿ ಬರೆದಿದ್ದಾರೆ. ಹ್ಯಾಂಬರ್ಗ್ ಬಂದರಿನಿಂದ ಹೊರಟವರ ಪಟ್ಟಿ 1850ರಿಂದ 1934ರವರೆಗೆ ಸಿಗುತ್ತದೆ. ಬ್ರೆಮೆನ್ ಬಂದರಿನ ಹಳೆಯ ಪಟ್ಟಿಗಳು ನಾಶವಾದವು, ಅಲ್ಲಿಂದ ಹೊರಟವರನ್ನು ಅಮೆರಿಕದ ಇಳಿದಾಣದ ಪಟ್ಟಿಯಲ್ಲೇ ಹುಡುಕಬೇಕು. ಎಲ್ಲಕ್ಕಿಂತ ನನಗೆ ಮೆಚ್ಚಿನದು ಹೋಮ್‌ಸ್ಟೆಡ್ ಕಡತ. ಭೂದಾಖಲೆಯ ಸರ್ಕಾರಿ ಜಾಲತಾಣದಲ್ಲಿ ಹೆಸರು ಹಾಕಿದರೆ ಹಕ್ಕುಪತ್ರ ಸಿಗುತ್ತದೆ. ಅದರಲ್ಲಿರುವ ಟೌನ್‌ಶಿಪ್, ರೇಂಜ್, ಸೆಕ್ಷನ್ ಸಂಖ್ಯೆ (ನಮ್ಮ ಸರ್ವೆ ನಂಬರಿನಂತೆ ಹೊಲದ ಜಾಗ ಹೇಳುವವು) ಬರೆದುಕೊಂಡು ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಿಂದ ಇಡೀ ಕಡತದ ಪ್ರತಿ ತರಿಸಬಹುದು. ಮನೆಯ ಉದ್ದಗಲ, ಬಾವಿ, ಉತ್ತ ಎಕರೆ, ಮಕ್ಕಳೆಷ್ಟು, ಹೊಲ ಬಿಟ್ಟು ಎಷ್ಟು ಕಾಲ ಹೋಗಿದ್ದಿರಿ, ಏಕೆ, ಎಲ್ಲವೂ ಪ್ರಶ್ನೋತ್ತರದಲ್ಲಿದೆ. ಗಂಡ ನಡುವೆ ಸತ್ತಿದ್ದರೆ ವಿಧವೆ ಉಳಿದ ವರ್ಷ ಪೂರೈಸಿ ತನ್ನ ಹೆಸರಿಗೇ ಭೂಮಿ ಪಡೆಯಬಹುದಿತ್ತು. ಗಂಡ ಬದುಕಿದ್ದರೆ ಹೆಂಡತಿಯ ಹೆಸರು ಹಕ್ಕುಪತ್ರದಲ್ಲಿ ಬರುವುದು ಅಪರೂಪ. ಆ ಅನ್ಯಾಯ ಇಲ್ಲಿಯೂ ಇತ್ತು. ಆಗ ಆಕೆ ಸಿಗುವುದು ಚರ್ಚಿನ ಪುಸ್ತಕದಲ್ಲಿ, ಇಲ್ಲವೇ ಡಕೋಟಾ ಫ್ರೈ ಪ್ರೆಸ್ಸೆಯಂಥ ಜರ್ಮನ್ ಪತ್ರಿಕೆಯಲ್ಲಿ. 1874ರಲ್ಲಿ ಇಂದಿನ ದಕ್ಷಿಣ ಡಕೋಟಾದ ಯಾಂಕ್ಟನ್ನಿನಲ್ಲಿ ಶುರುವಾದ ಆ ಪತ್ರಿಕೆ ಊರೂರಿನ ಓದುಗರ ಪತ್ರ ಅಚ್ಚು ಹಾಕುತ್ತಿತ್ತು: ಯಾರು ಹೆತ್ತರು, ಯಾರು ಸತ್ತರು, ಬೆಳೆ ಹೇಗಿದೆ. ರಷ್ಯಾದಲ್ಲಿ ಉಳಿದ ನೆಂಟರಲ್ಲಿ ಎಷ್ಟೋ ಜನ 1921-22ರ, 1932-33ರ ಬರಗಾಲಗಳಲ್ಲಿ ಹಸಿವಿನಿಂದ ಸತ್ತರು. ಹಿಟ್ಟು ಬೇಡುವ ಪತ್ರಗಳು ಸಮುದ್ರ ದಾಟಿ ಬಂದವು.

ನಮ್ಮ ಕಡೆಯ ರೈತನ ಮನೆಯಲ್ಲಿ ಏನಿದೆ? ಪಹಣಿ ಇದೆ. ಅಜ್ಜ ಸತ್ತು ದಶಕಗಳಾದರೂ ಎಷ್ಟೋ ಹೊಲಗಳು ಅವನ ಹೆಸರಲ್ಲೇ ಇವೆ, ಪೌತಿ ಖಾತೆ ಆಗದೆ. ಸಾಲಕ್ಕೋ ಪರಿಹಾರಕ್ಕೋ ಹೋದಾಗ ತೊಂದರೆ ಗೊತ್ತಾಗುತ್ತದೆ, ಆಗ ನಾಡಕಚೇರಿಗೆ ಓಡಿ ವಂಶವೃಕ್ಷ ಮಾಡಿಸುತ್ತಾರೆ. ಆ ವೃಕ್ಷ ನೆಟ್ಟಗೆ ಗಂಡುಮಕ್ಕಳ ಗುಂಟ ಇಳಿಯುತ್ತದೆ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸುವ ಚಾಳಿ, ಕಾನೂನು ಸಮಪಾಲು ಕೊಟ್ಟ ಮೇಲೂ ಹೋಗಿಲ್ಲ. ಮೂರನೇ ವರ್ಷಕ್ಕೆ ಸತ್ತ ಕೂಸು ಯಾವ ಕಾಗದದಲ್ಲೂ ಇಲ್ಲ.

ಬರೆದಿಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದರೆ ಅದು ಸುಳ್ಳು. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಹೆಳವರು ಬರುತ್ತಿದ್ದರು, ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ. ಇಂಥ ಹೆಳವರಿಗೆ ಇಂಥ ಮನೆಗಳು ಎಂದು ತಲೆತಲಾಂತರದ ಹಂಚಿಕೆ. ಮೂಲಸ್ಥಳ, ಬೆಡಗು, ಮನೆದೇವರು, ತಲೆಮಾರುಗಳ ಹೆಸರು ಹೇಳುತ್ತಿದ್ದರು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಿದ್ದರು. ನಾವು ಮೊರದ ತುಂಬ ಜೋಳ ಕೊಟ್ಟು, ಕೇಳಿಸಿಕೊಂಡು, ಮರೆತೆವು. ಆಮೇಲೆ ಅವರನ್ನು ಬೇಡುವವರೆಂದು ಬಾಗಿಲಿಂದಲೇ ಕಳಿಸಿದೆವು. ಇದಕ್ಕೆ ನನಗೆ ನಾಚಿಕೆಯಿದೆ.

ಊರಲ್ಲಿ ಹಿರಿಯರಿದ್ದರೆ ಈ ಸಲದ ರಜೆಯಲ್ಲೇ ಕೇಳಿ. "ಯಾವ ವರ್ಷ ಸತ್ತಳು" ಅಂದರೆ ಉತ್ತರ ಸಿಗದು. ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದಾಗ ಇದ್ದಳೇ, ಇನ್‌ಫ್ಲುಯೆಂಜಾ ಬಂದ 1918ರಲ್ಲಿ, ಸ್ವಾತಂತ್ರ್ಯ ಬಂದಾಗ, ಅಪ್ಪನ ಮದುವೆಯಲ್ಲಿ ಇದ್ದಳೇ ಎಂದು ಕೇಳುತ್ತ ಹೋದರೆ ಎರಡು ಘಟನೆಗಳ ನಡುವೆ ಸಾವು ಬಂದು ನಿಲ್ಲುತ್ತದೆ. ಸೊಸೆಯ ಹೆಸರನ್ನು ಮದುವೆಯಲ್ಲಿ ಬದಲಿಸುವ ಮನೆಗಳಲ್ಲಿ ಎರಡೂ ಹೆಸರು ಬೇಕು. ತವರೂರು ಯಾವುದೆಂದು ತಪ್ಪದೆ ಬರೆದುಕೊಳ್ಳಿ. ತವರಿನ ಮನೆಗೆ ಬರುವ ಹೆಳವರ ಹೊತ್ತಿಗೆಯಲ್ಲಿ ಆಕೆಯ ಅಪ್ಪ, ಅಣ್ಣತಮ್ಮಂದಿರ ಸಾಲು ಇರಬಹುದು. ಸಿಕ್ಕಿದರೆ ಆ ಸಾಲಿಗೆ ಆಕೆಯ ಹೆಸರನ್ನೂ ಸೇರಿಸಿ ಬರೆಸಿ.