ಬೇಲಿಯಾಚೆಯಿಂದ ಬಂದ ಸೂರತ್

ಕಳೆದ ಶನಿವಾರ ಒಳ್ಳೆ ಬಿಸಿಲು. ಮ್ಯಾಂಚೆಸ್ಟರ್‌ನಲ್ಲಿ ಬಿಸಿಲು ಬಿದ್ದರೆ ಬೀದಿಯವರೆಲ್ಲ ಬಟ್ಟೆ ಹೊರಗೆ ಹಾಕುತ್ತಾರೆ. ನಾನೂ ಕಾರವಾರದಿಂದ ಆಯಿ ಕಳಿಸಿದ ಕೈಮಗ್ಗದ ಹೊದಿಕೆಯನ್ನು ಹಿತ್ತಲ ತಂತಿಗೆ ಹರವುತ್ತಿದ್ದೆ. ಅದು ಎಷ್ಟು ಸಲ ಒಗೆದರೂ ಎಳೆ ಉದುರಿಸುತ್ತದೆ. ಒಂದು ಎಳೆ ಹಾರಿ ಬೇಲಿಯಾಚೆ ಹೋಯಿತು. ಪಕ್ಕದ ಮನೆಯ ಅಜ್ಜಿ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಪಟ್ಟನೆ ಹರಿಯಿತು. ‘ಸೂರತ್ತೇ ಇರಬೇಕು’ ಅಂತ ನಕ್ಕರು.

ಸೂರತ್ ಇರೋದು ಗುಜರಾತಿನಲ್ಲಿ, ನಾನು ಕಾರವಾರದವಳು ಅಂದೆ. ಅವರ ಮನೆಯಲ್ಲಿ ಸೂರತ್ ಅಂದ್ರೆ ಊರಲ್ಲವಂತೆ, ಕಳಪೆ ಮಾಲಂತೆ. ಅವರ ತಾಯಿ, ಅಜ್ಜಿ, ಅವರಜ್ಜಿ ಎಲ್ಲ ಗಿರಣಿಯಲ್ಲಿ ನೇಯ್ದವರು. ಆ ಮಾತು ಅಲ್ಲಿಂದ ಬಂದದ್ದು.

ನನಗೆ ಚುಚ್ಚಿತು. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು. ಚಹಾಕ್ಕೆ ಒಳಗೆ ಕರೆದರು.

ಅವರು ಹೇಳಿದ್ದು 1861ರಿಂದ 1865ರವರೆಗಿನ ಕಥೆ. ಅಮೆರಿಕದಲ್ಲಿ ಅಂತರ್ಯುದ್ಧ. ಈ ಕಡೆಯ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ್ದೇ. ಅದು ನಿಂತಿತು. ಗಿರಣಿಗಳೂ ನಿಂತವು. ಆಗ ಇಂಡಿಯಾದ ಹತ್ತಿ ಬಂತು. ಎಲ್ಲಿ ಬೆಳೆದದ್ದಾದರೂ ಅದಕ್ಕೆ ಇಲ್ಲಿ ಸೂರತ್ ಅಂತಲೇ ಹೆಸರು. ನಮ್ಮ ಹತ್ತಿಯ ಎಳೆ ಗಿಡ್ಡ, ಕಸ ಜಾಸ್ತಿ. ಇಲ್ಲಿನ ಯಂತ್ರಗಳಿಗೆ ಅದು ಹೊಂದುತ್ತಿರಲಿಲ್ಲ, ಹರಿಯುತ್ತಲೇ ಇತ್ತು. ನೇಯ್ದ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಎಳೆ ಹರಿದಷ್ಟೂ ಕೂಲಿ ಕಡಿಮೆ. ದೇವರೇ ಹತ್ತಿ ಕೊಡು, ಆದರೆ ಸೂರತ್ ಬೇಡ ಅಂತ ಜನ ಪ್ರಾರ್ಥಿಸಿದರು ಅನ್ನುವ ಮಾತು ಇಲ್ಲಿ ಈಗಲೂ ಇದೆ.

ಅಜ್ಜಿ ಕಪಾಟಿನಿಂದ ತಾಯಿಯ ಲಾಳಿ, ಅಂದರೆ ಮಗ್ಗದಲ್ಲಿ ಅಡ್ಡ ನೂಲನ್ನು ಒಯ್ಯುವ ಮರದ ತುಂಡು, ತೆಗೆದು ನನ್ನ ಕೈಗೆ ಕೊಟ್ಟರು. ಅಂಗೈಗಿಂತ ಉದ್ದ, ತುದಿಗೆ ಲೋಹ, ಮರ ಸವೆದು ನುಣುಪಾಗಿದೆ. ಪಕ್ಕದಲ್ಲೊಂದು ಸಣ್ಣ ತೂತು. ಅದಕ್ಕೆ ಬಾಯಿಟ್ಟು ನೂಲನ್ನು ಉಸಿರಿನಿಂದ ಎಳೆಯಬೇಕಿತ್ತಂತೆ. ಒಬ್ಬರು ಬಾಯಿಟ್ಟ ಲಾಳಿಗೆ ಇನ್ನೊಬ್ಬರು ಬಾಯಿಡುವುದು. ತಾಯಿಯ ಮುಂದಿನ ಹಲ್ಲು ಬೇಗ ಹೋದವು ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದು ಸಾಲು ನೆನಪಾಗುತ್ತಿತ್ತು. ‘1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು.’ ಯಾಕೆ ಅಂತ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹತ್ತಿಗಾಗಿ! ಧಾರವಾಡ ಸೀಮೆಯ ಹತ್ತಿ ಮುಂಬೈ ಪ್ರಾಂತ್ಯದಲ್ಲಿತ್ತು, ಅದಕ್ಕೆ ಹತ್ತಿರದ ಒಳ್ಳೆಯ ಬಂದರು ಕಾರವಾರ ಮದ್ರಾಸಿನ ಕೈಯಲ್ಲಿತ್ತು. ಹತ್ತಿ ಬೇಕು, ರಸ್ತೆ ಬೇಕು, ಬಂದರು ಬೇಕು ಅಂತ ಮ್ಯಾಂಚೆಸ್ಟರ್‌ನ ಗಿರಣಿ ಮಾಲೀಕರು ವರ್ಷಗಟ್ಟಲೆ ಸರ್ಕಾರದ ಬೆನ್ನು ಬಿದ್ದಿದ್ದರು. ಮುಂಬೈ ವ್ಯಾಪಾರಿಗಳೂ ದನಿಗೂಡಿಸಿದರು. ಕೆನರಾದ ಉತ್ತರ ಭಾಗ ಮುಂಬೈಗೆ ಹೋಯಿತು, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. ಕನ್ನಡ ಕರಾವಳಿ ಮತ್ತೆ ಒಂದಾದದ್ದು 1956ರಲ್ಲಿ.

ಇಷ್ಟು ಬಲ ಆ ಗಿರಣಿ ಮಾಲೀಕರಿಗೆ ಸುಮ್ನೆ ಬಂದದ್ದಲ್ಲ. 1830ರ ಹೊತ್ತಿಗೆ ಬ್ರಿಟನ್ನಿನ ರಫ್ತಿನಲ್ಲಿ ಸುಮಾರು ಅರ್ಧ ಹತ್ತಿಯ ಮಾಲು. ಹತ್ತಿ ಬಂದಿಳಿಯುವ ಲಿವರ್‌ಪೂಲ್ ಬಂದರಿಗೂ ಮ್ಯಾಂಚೆಸ್ಟರ್‌ಗೂ ನಡುವೆ ರೈಲು ಅದೇ ವರ್ಷ ಓಡಿತು. 1846ರಲ್ಲಿ ಧಾನ್ಯದ ಆಮದು ಸುಂಕದ ಕಾನೂನನ್ನು ರದ್ದು ಮಾಡಿಸಲು ಮುಂದೆ ನಿಂತವರೂ ಇವರೇ. ರೊಟ್ಟಿ ಅಗ್ಗವಾಗಬೇಕು, ವ್ಯಾಪಾರಕ್ಕೆ ತಡೆ ಇರಬಾರದು ಅಂತ ಹೋರಾಡಿದ ಜಾನ್ ಬ್ರೈಟ್ ಸ್ವತಃ ಗಿರಣಿ ಮಾಲೀಕ. ಆದರೆ ಗಿರಣಿಯ ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ ಹತ್ತು ಗಂಟೆ ಕೆಲಸ ಸಾಕು ಅನ್ನುವ ಮಸೂದೆ ಬಂದಾಗ ಅದೇ ಬ್ರೈಟ್ ವಿರೋಧಿಸಿದ. ಮುಂದೆ ನಮ್ಮ ದೇಶದ ಗಿರಣಿಗಳು ತಲೆಯೆತ್ತಿದಾಗ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಶೈರ್ ಸೀಮೆಯ ಮಾಲೀಕರ ಒತ್ತಡಕ್ಕೆ ಮಣಿದು, ನಮ್ಮಲ್ಲೇ ನೇಯ್ದ ಗಿರಣಿ ಬಟ್ಟೆಗೆ 1896ರಲ್ಲಿ ಶೇಕಡಾ 3.5 ಅಬಕಾರಿ ಸುಂಕ ಹಾಕಿದರು. ಅದು ಹೋಗಲು ಸುಮಾರು 30 ವರ್ಷ ಬೇಕಾಯಿತು. ಅಂಕೋಲೆಯ ಹಿರಿಯರು ಖಾದಿಗಾಗಿ ಯಾಕಷ್ಟು ಹಟ ಹಿಡಿದರು ಅಂತ ಇಲ್ಲಿಗೆ ಬಂದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು.

ಭಾನುವಾರ ಆಯಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ಹತ್ತಿಗೆ ಅಷ್ಟು ಬೇಗ ಘಟ್ಟದಲ್ಲಿ ದಾರಿ ಆಯ್ತಲ್ಲ, ನಮ್ಮ ರೈಲು ಎಂತಕ್ಕೆ ಆಗೂದಿಲ್ಲ?’ ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ನಾನು ಹುಡುಗಿಯಾಗಿದ್ದಾಗಿಂದ ಕೇಳುತ್ತಿದ್ದೇನೆ. ಯುದ್ಧ ಮುಗಿದು ಅಮೆರಿಕದ ಹತ್ತಿ ಬಂದ ಮೇಲೆ ಮ್ಯಾಂಚೆಸ್ಟರ್‌ಗೆ ಕಾರವಾರ ಬೇಡವಾಯಿತು. ಮುಂದೆ ಘಟ್ಟ ಇಳಿದ ರೈಲೂ ಕ್ಯಾಸಲ್‌ರಾಕ್ ಮೇಲಿಂದ ಗೋವೆಯ ಮುರಗಾಂವ್ ಬಂದರಿಗೆ ಹೋಯಿತು. ದೊಡ್ಡವರಿಗೆ ಬೇಕಾದಾಗ ಪ್ರಾಂತ್ಯದ ಗಡಿಯೇ ಬದಲಾಯಿತು. ಊರವರು ಕೇಳಿದ ರೈಲಿಗೆ ಇನ್ನೂ ಕಾಯಬೇಕು. ಇದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿನ ಪೇಟೆಯಲ್ಲಿ ಅಬ್ರಹಾಂ ಲಿಂಕನ್ ಪ್ರತಿಮೆ ಇದೆ. ಸೋಮವಾರ ಕೆಲಸ ಮುಗಿಸಿ ಹೋಗಿ ಅದರ ಬುಡದ ಬರಹ ಪೂರ್ತಿ ಓದಿದೆ. ಗಿರಣಿಗಳು ನಿಂತು, 1862ರ ಕೊನೆಗೆ ಈ ಸೀಮೆಯ ಸುಮಾರು 5 ಲಕ್ಷ ಜನ ಪರಿಹಾರದ ಗಂಜಿಯ ಮೇಲೆ ಬದುಕುತ್ತಿದ್ದರು. ಲಿವರ್‌ಪೂಲ್ ವ್ಯಾಪಾರಿಗಳಲ್ಲಿ ಹಲವರು ಗುಲಾಮರನ್ನಿಟ್ಟು ಹತ್ತಿ ಬೆಳೆಸುತ್ತಿದ್ದ ಅಮೆರಿಕದ ದಕ್ಷಿಣದವರ ಪರ. ಆದರೆ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್ ಕಾರ್ಮಿಕರು ಸಭೆ ಸೇರಿ ಗುಲಾಮಗಿರಿ ಹೋಗಲಿ ಅಂತ ಲಿಂಕನ್‌ಗೆ ಪತ್ರ ಬರೆದರು. 1863ರ ಜನವರಿ 19ರಂದು ಅವನು ಉತ್ತರ ಬರೆದ. ಅದರ ಸಾಲುಗಳೇ ಕಲ್ಲಿನ ಮೇಲಿವೆ. ಓದುತ್ತಾ ಕಣ್ಣು ತುಂಬಿತು. ಎತ್ತಿನ ಗಾಡಿಯಲ್ಲಿ ಅರಳೆ ಹೇರಿಕೊಂಡು ಘಟ್ಟ ಇಳಿದ ನಮ್ಮವರ ಬಗ್ಗೆ ಕಾರವಾರದಲ್ಲಿ ಇಂಥ ಒಂದು ಕಲ್ಲು ನಾನು ನೋಡಿಲ್ಲ. ಆ ಹತ್ತಿಯ ಕಾಲದ್ದು ಅಂತ ನನಗೆ ಗೊತ್ತಿರುವುದು ದೇವಗಡ ದ್ವೀಪದ ದೀಪಸ್ತಂಭ, 1864ರದು. ಚಿಕ್ಕವಳಿದ್ದಾಗ ಅಜ್ಜನ ಜೊತೆ ಜಗಲಿಯಲ್ಲಿ ಕೂತು ಅದರ ಬೆಳಕನ್ನೇ ಎಣಿಸುತ್ತಿದ್ದೆ.

ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅಂತ ಗಿರಣಿಯ ಹೆಂಗಸರು ತುಟಿ ದೊಡ್ಡದಾಗಿ ಆಡಿಸಿ, ಸದ್ದಿಲ್ಲದೆ ಮಾತಾಡುತ್ತಿದ್ದರಂತೆ. ಅಜ್ಜಿ ಅದನ್ನು ತಾಯಿಯಿಂದ ಕಲಿತಿದ್ದಾರೆ. ನಿನ್ನೆ ಸಂಜೆ ಆಚೆ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು, ಕಿವಿ ಕಿವುಡಾಗುವಷ್ಟು ಸದ್ದು. ಅಜ್ಜಿ ಬೇಲಿಯ ಹತ್ತಿರ ಬಂದು ತಂತಿಯ ಮೇಲಿದ್ದ ಹೊದಿಕೆ ತೋರಿಸಿದರು. ಆಮೇಲೆ ನನ್ನನ್ನೇ ನೋಡುತ್ತಾ, ಒಂದೊಂದೇ ಅಕ್ಷರಕ್ಕೆ ತುಟಿ ಅಗಲಿಸಿ, ಸದ್ದಿಲ್ಲದೆ ಅಂದರು: ಕಾ–ರ–ವಾ–ರ.